ಅಣ್ಣನ ವಿಮಾನಕ್ಕೆ ಎರಡು ಬ್ಯಾಟರಿ

ಒಂದು ಎಂಬ ಸಂಖ್ಯೆಯ ಮೇಲೆ ಲಿಫ್ಟ್ ಮೆಕ್ಯಾನಿಕ್‌ಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಜೇಬಿನಲ್ಲಿ ಎರಡು ಪೆನ್ನು, ಚೀಲದಲ್ಲಿ ಎರಡು ಟಾರ್ಚು, ಮನೆಗೆ ಎರಡು ಕೀಲಿಕೈ. ಎರಡೂ ಒಂದೇ ಗೊಂಚಲಿನಲ್ಲಿದ್ದವು ಎನ್ನುವುದು ಬೇರೆ ಮಾತು. ಗೊಂಚಲು ಕಳೆದುಹೋದಾಗಲೆಲ್ಲ ಅವನೂ ಅತ್ತಿಗೆಯೂ ಮೆಟ್ಟಿಲ ಮೇಲೆ ಕೂತು ಬೀಗ ಒಡೆಯುವವನಿಗೆ ಕಾಯುತ್ತಿದ್ದರು.

ಅಣ್ಣ ತೀರಿಕೊಂಡು ವರ್ಷವಾಗಿತ್ತು. ಅವನು ಕೈಯಾರೆ ಮಾಡಿದ, ನೆಲದಿಂದ ರಿಮೋಟಿನಲ್ಲಿ ಹಾರಿಸುವ ಪುಟ್ಟ ರೇಡಿಯೋ ವಿಮಾನಗಳಲ್ಲಿ ಉಳಿದದ್ದು ಹಜಾರದ ಗೋಡೆಯ ಮೇಲಿನ ಕೆಂಪು ರೆಕ್ಕೆಯದು ಒಂದೇ.

"ಒಂದು ಸಲ ಹಾರಿಸಿ ತೋರಿಸಪ್ಪ," ಅಂದರು ಅತ್ತಿಗೆ. "ಆದ್ರೆ ಹುಷಾರು. ಇದು ಹೋದ್ರೆ ಇನ್ನೊಂದಿಲ್ಲ."

ಇನ್ನೊಂದಿಲ್ಲ! ಅವನ ಎದುರು ಆಡಬಾರದ ಮಾತದು. ವಿಮಾನದ ಹೊಟ್ಟೆ ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡ. ಎಂಜಿನ್ನೇನೋ ಎಣ್ಣೆ ಕುಡಿದು ಓಡುತ್ತದೆ. ಆದರೆ ನೆಲದಿಂದ ಹೇಳಿದ್ದನ್ನು ಕೇಳಿಸಿಕೊಳ್ಳುವ ರಿಸೀವರಿಗೂ ಬಾಲ ತಿರುಗಿಸುವ ಪುಟ್ಟ ಮೋಟಾರುಗಳಿಗೂ ಬ್ಯಾಟರಿಯೇ ಗತಿ. ಅಣ್ಣ ಇಟ್ಟಿದ್ದು ಒಂದೇ ಒಂದು. ಸ್ವಿಚ್ಚೂ ಇಲ್ಲ, ಹಾರಿಸುವ ಮುಂಚೆ ವೈರನ್ನು ನೇರವಾಗಿ ಸಿಕ್ಕಿಸುವುದು, ಇಳಿದ ಮೇಲೆ ಕೀಳುವುದು.

"ಇಪ್ಪತ್ತು ವರ್ಷ ಇದು ಬೀಳದೆ ಇದ್ದಿದ್ದೇ ಪುಣ್ಯ, ಅತ್ತಿಗೆ!"

ಎರಡು ಹೊಸ ಬ್ಯಾಟರಿ ಕೂರಿಸಿದ. ಒಂದು ಕೈಕೊಟ್ಟರೆ ಇನ್ನೊಂದು. ಎರಡರ ವೈರನ್ನೂ ಒಂದು ಥಳಥಳಿಸುವ ಸ್ವಿಚ್ಚಿಗೆ ತಂದು ಸೇರಿಸಿದ.

"ಸ್ವಿಚ್ ಒಂದೇನಾ?" ಅಂದರು ಅತ್ತಿಗೆ.

"ಸ್ವಿಚ್ಚಿಗೇನು ಜೀವ ಇದೆಯಾ ಅತ್ತಿಗೆ, ಸಾಯೋಕೆ?"

ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ವಿಮಾನ ಎದ್ದಾಗ ಅತ್ತಿಗೆಯ ಕಣ್ಣು ತುಂಬಿತು. "ಅವರೇ ಹಾರಿಸಿದ ಹಾಗಿದೆ ಕಣೋ," ಅಂದರು. ಮೆಕ್ಯಾನಿಕ್ ಉಬ್ಬಿಹೋದ. ಮೂರನೆಯ ಸುತ್ತಿನಲ್ಲಿ ರಿಮೋಟಿನ ಕಡ್ಡಿ ಎಡಕ್ಕೆ ತಳ್ಳಿದ, ವಿಮಾನ ಕೇಳಲಿಲ್ಲ. ಬಲಕ್ಕೆ ತಳ್ಳಿದ, ಅದಕ್ಕೂ ಇಲ್ಲ. ಎಂಜಿನ್ ಮಾತ್ರ ಭರ್ಜರಿಯಾಗಿ ಗುರ್ರೆನ್ನುತ್ತಿತ್ತು, ವಿಮಾನ ನೇರವಾಗಿ ಹೋಗಿ ಬಯಲಂಚಿನ ಗೋಡೆಗೆ ಬಡಿಯಿತು.

ಅವನು ಚೂರುಗಳನ್ನು ಆಯ್ದು ಸ್ವಿಚ್ಚು ಬಿಚ್ಚಿ ನೋಡಿದ. ಎಂಜಿನ್ನಿನ ಅದುರಾಟಕ್ಕೆ ಸ್ವಿಚ್ಚಿನೊಳಗಿನ ತಗಡು ಸಡಿಲವಾಗಿತ್ತು. ಬ್ಯಾಟರಿಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅಭ್ಯಾಸಬಲದಿಂದ ಮೀಟರು ಹಿಡಿದು ನೋಡಿದ.

"ಎರಡೂ ಫುಲ್ ಇವೆ," ಎಂದು ಬಾಯಿ ತಪ್ಪಿ ಅಂದುಬಿಟ್ಟ. ನೆಲ ಬಾಯ್ಬಿಡಬಾರದೇ ಅನ್ನಿಸಿತು.

"ಸ್ವಿಚ್ ಕೂರಿಸೋಕೆ ಅವರಿಗೆ ಬರ್ತಿರ್ಲಿಲ್ಲ ಅಂದ್ಕೊಂಡ್ಯಾ?" ಅಂದರು ಅತ್ತಿಗೆ. "ಮೊದಲು ಹಾಳಾಗೋದೇ ಅದು ಅಂತಿದ್ರು."

ಚೂರುಗಳನ್ನು ಚೀಲಕ್ಕೆ ತುಂಬಿಕೊಂಡು ಇಬ್ಬರೂ ಮನೆಗೆ ಬಂದರು. ಬಾಗಿಲ ಮುಂದೆ ಅವನು ಗೊಂಚಲಿನಿಂದ ಒಂದು ಕೀಲಿಕೈ ಬಿಡಿಸಿ ಅತ್ತಿಗೆಗೆ ಕೊಟ್ಟ. ಅವರೇ ಬಾಗಿಲು ತೆಗೆದರು. ಹಜಾರದ ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು.