ಇಲಿ ಯಾರ ಕೈಗೆ ಬಂತು

ನನ್ನ ತಂಗಿಗೆ ಟೈಫಾಯ್ಡ್ ಬಂದಾಗ ನನಗೆ ಹೊಟ್ಟೆಕಿಚ್ಚಾಯಿತು. ಕೇಳಿದವರು ಏನು ಬೇಕಾದರೂ ಅಂದುಕೊಳ್ಳಲಿ, ಆಗಿದ್ದು ಅದೇ. ಎಪ್ಪತ್ತರ ದಶಕದ ಕೊನೆಯ ಮಾತು, ಹೊನ್ನಾಳಿಯಲ್ಲಿದ್ದೆವು. ನನಗೆ ಹನ್ನೆರಡು, ಅವಳಿಗೆ ಒಂಬತ್ತು. ಮೂರು ವಾರ ಅವಳು ಅಪ್ಪನ ಮಂಚದ ಮೇಲೆ ಮಹಾರಾಣಿಯ ಹಾಗೆ ಮಲಗಿದ್ದಳು. ಅವಳಿಗೆ ಮೂಸಂಬಿ, ಅವಳಿಗೆ ಬ್ರೆಡ್ಡು, ಅವಳಿಗೆ ಅವ್ವನ ತೊಡೆ. ನನಗೆ ಬಾವಿ ನೀರು, ಪಾತ್ರೆ, ಶಾಲೆ. ನನಗೂ ಜ್ವರ ಬರಲಿ ಅಂತ ಒದ್ದೆ ತಲೆಯಲ್ಲೇ ಮಲಗಿ ನೋಡಿದೆ. ಒಂದು ಸೀನೂ ಬರಲಿಲ್ಲ, ಹಾಳಾದ್ದು ನನ್ನ ಗಟ್ಟಿ ಮೈ!

ಅವಳು ಎದ್ದು ಕೂರುವಂತಾದ ಮೇಲೆ ದಾವಣಗೆರೆಯಿಂದ ಅವ್ವನ ತಮ್ಮ ಬಂದ. ನಮ್ಮ ಸೋದರಮಾವ, ಅಲ್ಲೊಂದು ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್. ಬಸ್ಸಿಳಿದು ಬಂದವನ ಕೈಯಲ್ಲಿ ತೂತು ಹೊಡೆದ ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದರೆ ಒಳಗೊಂದು ಬಿಳಿ ಇಲಿ. ಹತ್ತಿ ಉಂಡೆಯಂಥ ಮೈ, ಕೆಂಪು ಕಣ್ಣು. ಅಪ್ಪನಿಗೆ ಕಿರಾಣಿ ಅಂಗಡಿ. ಅವನು ಹಣೆ ಚಚ್ಚಿಕೊಂಡ.

"ಅಲ್ಲಪ್ಪಾ, ಅಂಗಡ್ಯಾಗೆ ನಾನು ದಿನಾ ಬೋನಿಟ್ಟು ಇಲಿ ಹಿಡಿಯಾಕೆ ಹೆಣಗ್ತೀನಿ. ನೀನು ಇಲೀನ ಬಸ್ನಾಗೆ ಕೂರಿಸ್ಕಂಡು ಬಂದೀಯಲ್ಲ!"

"ಇದು ಬೇರೆ ಜಾತಿ ಭಾವ. ಮೈ ಮ್ಯಾಲೆ ಹತ್ತಿ ಆಡ್ತೈತೆ ನೋಡ್ರಿ," ಅಂದ ಮಾವ, ಡಬ್ಬಿಯನ್ನು ತಂಗಿಯ ಮಡಿಲಲ್ಲಿಟ್ಟ. "ಇದು ನಿಂದವ್ವಾ. ನಿಂದೊಬ್ಬಾಕೀದೇ."

ನಿಂದೊಬ್ಬಾಕೀದೇ! ನನಗೆ ಒಂದು ಬಾಲ್‌ಪೆನ್ನು ಕೊಟ್ಟ. ಅದೂ ಶಾಯಿ ಕಾರುತ್ತಿತ್ತು.

ಇಲಿ ಅವಳದಾದರೆ ಚಾಕರಿ ಯಾರದು? "ನೀನು ದೊಡ್ಡಾಕಿ ಅಲ್ಲೇನೇ," ಅಂದಳು ಅವ್ವ. ಸಾಮಿಲ್ಲಿಗೆ ಹೋಗಿ ಮರದ ಹೊಟ್ಟು ತಂದವಳು ನಾನು. ಅಂಗಡಿಯಿಂದ ಚಹಾಪುಡಿ ಬಂದಿದ್ದ ಮರದ ಪೆಟ್ಟಿಗೆಯನ್ನು ಕೆರೆದು ತೊಳೆದು ಒಣಗಿಸಿ, ಹೊಟ್ಟು ಹರಡಿದವಳೂ ನಾನು. ಮೇಲೆ ಜಾಲರಿ ಬಿಗಿದದ್ದು ಮಾತ್ರ ಮಾವ. ಬಿಗಿಯುತ್ತಾ ನಿಯಮ ಹೇಳಿದ.

"ಮೂರು ದಿನ ಯಾರೂ ಮುಟ್ಟಬ್ಯಾಡ್ರಿ, ಗದ್ದಲ ಮಾಡಬ್ಯಾಡ್ರಿ. ಹೊಸ ಜಾಗ, ಹೆದರಿರ್ತೈತೆ. ಸಾಕೋಳು ಹಾಕ್ಕಂಡು ಬಿಟ್ಟ ಬಟ್ಟೆ, ಒಗೀದೇ ಇರೋದು, ಒಂದು ತುಂಡು ಒಳಗೆ ಹಾಕ್ರಿ. ಆ ವಾಸನೆ ಮೂಗಿಗೆ ಹತ್ತಿದ್ರೆ ನಾಕನೇ ದಿನ ಆಕಿ ಕೈಗೇ ಬರ್ತೈತೆ. ಪ್ರಯೋಗಾಲಯದಾಗೆ ನನ್ನ ಟವೆಲ್ಲೇ ಹಾಕಿರ್ತೀನಿ."

ಆ ಮಧ್ಯಾಹ್ನ ತಂಗಿ ಸೂಜಿ ದಾರ ಇಸಿದುಕೊಂಡು ಮಂಚದ ಮೇಲೆ ಏನೋ ಹೊಲಿಯುತ್ತಾ ಕೂತಳು. ಜ್ವರ ಬಿಟ್ಟ ಕೈ, ನಡುಗುತ್ತಿತ್ತು. ನಾಲ್ಕು ಸಲ ಕರೆದಳು, "ಅಕ್ಕಾ, ದಾರ ಪೋಣಿಸಿಕೊಡೇ." ನಾಲ್ಕು ಸಲವೂ ಪೋಣಿಸಿಕೊಟ್ಟೆ, ಅವಳ ಮಡಿಲ ಕಡೆ ಕಣ್ಣೂ ಹಾಯಿಸಲಿಲ್ಲ. ಇಲಿಗೆ ಕುಲಾವಿ ಹೊಲಿಯುತ್ತಾಳೇನೋ, ಹೊಲಿಯಲಿ ಮಹಾರಾಣಿ, ಅಂದುಕೊಂಡೆ.

ಸಂಜೆ ಮಾವ ಹೊರಟುಹೋದ. ತಂಗಿ ತನ್ನ ಬಟ್ಟೆಯನ್ನು ಪೆಟ್ಟಿಗೆಯೊಳಗೆ ಇಳಿಬಿಟ್ಟು ಹೋಗಿ ಮಲಗಿದಳು. ನನಗೆ ಬಚ್ಚಲೊಲೆ ಉರಿ ಹಾಕುವ ಕೆಲಸ. ಪೆಟ್ಟಿಗೆ ಬಚ್ಚಲ ಹಾದಿಯಲ್ಲೇ ಇತ್ತು. ನನ್ನ ಹಳೇ ಹಸಿರು ಜಾಕೀಟಿನ ತೋಳು ಕಿತ್ತುಕೊಂಡಿದ್ದೆ, ಎರಡು ದಿನದ ಬೆವರಿನದು. ಜಾಲರಿ ಎತ್ತಿ ಅವಳ ಬಟ್ಟೆ ಎಳೆದೆ, ನನ್ನದನ್ನು ತುರುಕಿದೆ. ಎಳೆದದ್ದನ್ನು ಮುಷ್ಟಿಯಲ್ಲಿ ಮುದುರಿ ಒಲೆಗೆ ಹಾಕಿದೆ. ಏನಿದೆ ಅಂತ ಬಿಡಿಸಿಯೂ ನೋಡಲಿಲ್ಲ. ಭಗ್ಗನೆ ಹತ್ತಿತು, ನನಗೆ ಹಾಯೆನಿಸಿತು.

ಮೊದಲ ದಿನ ಇಲಿ ಮೂಲೆ ಬಿಟ್ಟು ಕದಲಲಿಲ್ಲ. ಹೊಟ್ಟೆ ಮಾತ್ರ ಡಬಡಬ ಅನ್ನುತ್ತಿತ್ತು. ಎರಡನೆಯ ದಿನ ನೆನೆಸಿದ ಕಡಲೆ ಅರ್ಧ ತಿಂದಿತ್ತು. ಮೂರನೆಯ ದಿನ ಬಗ್ಗಿ ನೋಡುತ್ತೇನೆ, ನನ್ನ ಜಾಕೀಟಿನ ತೋಳನ್ನು ಮೂಲೆಗೆ ಎಳೆದುಕೊಂಡು, ಚೂರು ಚೂರು ಮಾಡಿ, ಅದರ ನಡುವೆ ಸುತ್ತಿಕೊಂಡು ಮಲಗಿದೆ! ನನ್ನ ಎದೆ ಉಬ್ಬಿಹೋಯಿತು. ಈ ಮನೆಯಲ್ಲಿ ಒಂದು ಜೀವವಾದರೂ ನನ್ನ ಹತ್ತಿರ ಮಲಗಿತಲ್ಲ ಅನ್ನಿಸಿತು.

ನಾಲ್ಕನೆಯ ದಿನ ಬೆಳಿಗ್ಗೆ ಎಲ್ಲರೂ ಪೆಟ್ಟಿಗೆಯ ಸುತ್ತ ನೆರೆದೆವು. ತಂಗಿ ಅಂಗೈಯಲ್ಲಿ ಕಡಲೆಯಿಟ್ಟುಕೊಂಡು ಕೈ ಇಳಿಸಿದಳು. ಸೊರಗಿದ ಕೈ, ಬಳೆ ಅಂಗೈವರೆಗೂ ಜಾರುತ್ತಿತ್ತು. ಇಲಿ ಬಂತು, ಮೂಸಿತು, ತಿರುಗಿ ಮೂಲೆಗೆ ಹೋಯಿತು. ಇನ್ನೊಮ್ಮೆ ಬಂತು, ಮತ್ತೆ ಹೋಯಿತು. ತಂಗಿ ಸೋತ ತೋಳನ್ನು ಮೇಲೆಳೆದುಕೊಂಡಳು.

"ಅಕ್ಕಾ, ನೀನು ಇಡು ನೋಡಾಣ," ಅಂದಳು.

ನಾನು ಕಡಲೆ ಕೂಡ ಇಟ್ಟುಕೊಳ್ಳಲಿಲ್ಲ. ಬರೀ ಕೈ ಇಳಿಸಿದೆ. ಇಲಿ ನೇರ ಬಂದು ಬೆರಳು ಮೂಸಿ, ಅಂಗೈ ಹತ್ತಿ, ತೋಳ ಮೇಲೆ ಸರಸರನೆ ಬಂತು. ಅದರ ತಣ್ಣನೆ ಪುಟ್ಟ ಕಾಲುಗಳು ಇವತ್ತಿಗೂ ನನಗೆ ನೆನಪಿವೆ. ಗೆದ್ದೆ ಅಂತ ಕೂಗುವುದೊಂದು ಬಾಕಿ.

"ಮೂಗಪ್ರಾಣಿ, ಅದಕ್ಕೇನು ಗೊತ್ತಾಗ್ತೈತೆ," ಅಂತ ಅವ್ವ ತಂಗಿಯ ತಲೆ ಸವರಿ ಒಳಗೆ ಹೋದಳು. ಅಪ್ಪ ಅಂಗಡಿಗೆ ಹೊರಟ. ತಂಗಿ ಅಳುತ್ತಾಳೆ ಅಂತ ಕಾಯುತ್ತಿದ್ದೆ. ಅವಳು ಅಳಲಿಲ್ಲ. ಪೆಟ್ಟಿಗೆಯೊಳಗೆ ಬಗ್ಗಿ ಹಸಿರು ಚೂರುಗಳನ್ನು ನೋಡಿದಳು, ಹೊಟ್ಟು ಕೆದಕಿ ಹುಡುಕಿದಳು.

"ನಾನು ಹೊಲಿದಿದ್ದು ತೆಗೆದುಬಿಟ್ಯಾ ಅಕ್ಕಾ?"

ತೋಳ ಮೇಲಿದ್ದ ಇಲಿಯನ್ನು ಭುಜಕ್ಕೆ ಹತ್ತಿಸಿಕೊಂಡೆ.

"ನಂದೊಂದು ತುಂಡು, ನಿಂದೊಂದು ತುಂಡು ಸೇರಿಸಿ ಹೊಲಿದಿದ್ದೆ. ನೀನು ಒಗೆಯಾಕೆ ಹಾಕಿದ್ದ ಲಂಗದ ಅಂಚು ಕತ್ತರಿಸಿದ್ದೆ, ಅವ್ವಂಗೆ ಹೇಳಬ್ಯಾಡ. ಇಬ್ರ ಕೈಗೂ ಬರ್ಲಿ ಅಂತ. ಮಾವ ನಿಂದೊಬ್ಬಾಕೀದೇ ಅಂದಾಗ ನಿನ್ನ ಮಾರಿ ಹೆಂಗೋ ಆಗಿತ್ತು."

ಇಲಿ ನನ್ನ ಭುಜದ ಮೇಲೆ ಕೂತಿತ್ತು.

"ಹೊಲಿಗೆ ಸೊಟ್ಟ ಆಗಿತ್ತು ಅಂತ ತೆಗೆದ್ಯೇನು?" ಕೇಳಿದಳು.

"ಹೂಂ," ಅಂದೆ. "ಭಾಳ ಸೊಟ್ಟ ಆಗಿತ್ತು."

ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಸೂಜಿ ದಾರ ತಂದಳು. "ಹಂಗಾದ್ರೆ ಇನ್ನೊಂದು ಹೊಲೀತೀನಿ. ಈ ಸಲ ನೀನೂ ಪಕ್ಕದಾಗೆ ಕೂತ್ಕ. ತಗಾ, ಪೋಣಿಸಿಕೊಡು."

ದಾರದ ತುದಿ ಎಂಜಲು ಮಾಡಿ ಹೊಸೆದೆ. ಎಷ್ಟು ಸಲ ಹಿಡಿದರೂ ಅದು ಸೂಜಿಯ ಕಣ್ಣಿಗೆ ಹೋಗಲಿಲ್ಲ.