ಕೋಣೆಯನ್ನೂ ಕರೆಯಬೇಕು

ನಾನು ಅವರನ್ನು ಮೊದಲು ನೋಡಿದ್ದು ಒಂದು ಸೋಮವಾರ, ನಾಲ್ಕು ಗಂಟೆ ದಾಟಿ ಹತ್ತು ನಿಮಿಷಕ್ಕೆ. ನಮ್ಮ ಕಿವಿ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಜೆರಾಕ್ಸ್ ಯಂತ್ರಕ್ಕೂ ಕಿಟಕಿಗೂ ನಡುವೆ ಒಂದು ಮೇಜು. ಅದರ ಮೇಲೆ ಕಂಪ್ಯೂಟರ್, ಗೆರೆ ಹಾಕಿದ ಉದ್ದನೆಯ ನೋಟ್‌ಬುಕ್, ಮುಚ್ಚಳವಿರುವ ಸ್ಟೀಲ್ ಲೋಟ. ಐವತ್ತು ದಾಟಿದ ಹೆಂಗಸೊಬ್ಬರು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು.

"ತಲೆ ಮೇಲಿದೆ" ಎಂದೆ.

ಅವರು ತಡಕಿ ನೋಡಿ ಕನ್ನಡಕವನ್ನು ಮೂಗಿಗಿಳಿಸಿದರು. "ನನ್ನ ತೊಂದರೆ ಮುಗೀತು. ಈಗ ನಿನ್ನದು ಹೇಳಮ್ಮ."

ನಾನು ಕೆಲಸಕ್ಕೆ ಸೇರಿ ಐದು ವಾರವಾಗಿತ್ತು. ರೋಗಿಗಳಿಗೆ ದಿನ, ಹೊತ್ತು ಗೊತ್ತುಮಾಡುವುದು ನನ್ನ ಕೆಲಸ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನೇ. ಪದವಿ ಪಡೆದವಳಿಗೆ ಎಲ್ಲ ಗೊತ್ತಿರಬೇಕು ಎಂಬ ಹುಚ್ಚು ಹೆದರಿಕೆ ನನ್ನಲ್ಲಿತ್ತು. ಹಾಗಾಗಿ ಗೊತ್ತಿಲ್ಲದ್ದನ್ನು ಯಾರನ್ನೂ ಕೇಳುತ್ತಿರಲಿಲ್ಲ.

ಮರುದಿನ, ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಐದು ವರ್ಷದ ಒಬ್ಬ ಹುಡುಗಿಗೆ ಶ್ರವಣ ಪರೀಕ್ಷೆ ಇತ್ತು. ಆ ಪರೀಕ್ಷೆ ಮಾಡುವ ತಜ್ಞೆ ಬೇರೆ ಊರಿನಿಂದ ಮೂರು ತಿಂಗಳಿಗೊಮ್ಮೆ, ತಮಗೆ ಬಿಡುವಿದ್ದ ದಿನ ಬಂದು ಹತ್ತರಿಂದ ಹನ್ನೊಂದರವರೆಗೆ ಮಾತ್ರ ಇರುತ್ತಿದ್ದರು. ಈ ಸಲ ತಪ್ಪಿದರೆ ಕಿವಿಯ ಯಂತ್ರವಿಲ್ಲದೆಯೇ ಮಗು ಶಾಲೆಗೆ ಸೇರಬೇಕಿತ್ತು. ಅವಳ ತಾತ ಫೋನಿನಲ್ಲಿ ಮೂರು ಸಲ ಕೇಳಿದ್ದರು, "ಮಂಗಳವಾರ ಖಂಡಿತ ತಾನೇ ಅಮ್ಮಾ? ಎರಡು ಬಸ್ಸು ಹಿಡೀಬೇಕು." ಮೂರು ಸಲವೂ ನಾನು "ಖಂಡಿತ" ಎಂದಿದ್ದೆ.

ಪರೀಕ್ಷೆ ನಡೆಯಬೇಕಾದದ್ದು ಸೌಂಡ್‌ಪ್ರೂಫ್ ಕೋಣೆಯಲ್ಲಿ. ಇಡೀ ಕಟ್ಟಡಕ್ಕೆ ಅಂಥದು ಇರುವುದು ಒಂದೇ. ಆಫೀಸಿನ ವೆಬ್‌ಮೇಲ್‌ನಲ್ಲಿ ಎಲ್ಲರೂ ಹಂಚಿಕೊಳ್ಳುವ ಕ್ಯಾಲೆಂಡರಿನಲ್ಲಿ ಅದನ್ನು ಬುಕ್ ಮಾಡಬೇಕು. ಸಂಜೆ ಐದಕ್ಕೆ ಮರುದಿನದ ಪಟ್ಟಿ ಅಚ್ಚಾಗಿ ಕೆಳಗೆ ಸೆಕ್ಯೂರಿಟಿ ಅಣ್ಣನ ಕೈಗೆ ಹೋಗುತ್ತದೆ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಕೀಲಿ. ನಾನು ಎರಡು ವಾರ ಮೊದಲೇ ಬುಕ್ ಮಾಡಿದ್ದೆ. ಆದರೆ ಆ ಸೋಮವಾರ ಮಧ್ಯಾಹ್ನ ನರ್ಸ್ ಒಬ್ಬಳು ಬಂದು, "ನಾಳೆ ಕೋಣೆ ನಿನ್ನ ಹೆಸರಲ್ಲಿ ಇಲ್ವಲ್ಲೇ? ಮಂಗಳವಾರ ಹತ್ತಕ್ಕೆ ಅದು ಯಾವತ್ತೂ ಸಿಗಲ್ಲ, ದೊಡ್ಡವರದ್ದೇನೋ ಇರುತ್ತೆ" ಎಂದಳು. "ಎಕ್ಸ್‌ಚೇಂಜ್ ಅಕ್ಕನ ಹತ್ರ ಓಡು, ಕೋಣೆಗಳ ಕ್ಯಾಲೆಂಡರ್ ನೋಡೋದು ಅವರೇ" ಎಂದವಳೂ ಅವಳೇ.

ಇಷ್ಟನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅಕ್ಕ ಎದ್ದು ತಮ್ಮ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು.

"ಹೇಗೆ ಬುಕ್ ಮಾಡಿದೆಯೋ ಹಾಗೇ ಮಾಡಿ ತೋರಿಸು."

"ನೀವೇ ಒಂದ್ಸಲ ನೋಡಿಬಿಡಿ ಅಕ್ಕ, ಹೊತ್ತಾಗ್ತಿದೆ."

"ನಾನು ಮಾಡಿದ್ರೆ ಸರಿಯಾಗೇ ಮಾಡ್ತೀನಿ. ಆಗ ತಪ್ಪು ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?"

ಇದೇ ಅವರ ಪದ್ಧತಿ. ಬೇರೆಯವರ ಮೌಸನ್ನು ಅವರು ಮುಟ್ಟುವುದಿಲ್ಲ, ಪರದೆಗಿಂತ ಹೆಚ್ಚಾಗಿ ಕೈಯನ್ನು ನೋಡುತ್ತಾರೆ. ನಾನು ಹೊಸ ಬುಕಿಂಗ್ ತೆರೆದೆ, ಹೊತ್ತು ಹಾಕಿದೆ, 'ಸ್ಥಳ' ಎಂಬಲ್ಲಿ ಸೌಂಡ್‌ಪ್ರೂಫ್ ಕೋಣೆ ಎಂದು ಬರೆದೆ.

"ನಿಲ್ಲು. ಈಗ ಕೋಣೆಯನ್ನು ಕರೆದೆಯಾ?"

"ಬರೆದೆನಲ್ಲ ಅಕ್ಕ."

"ಬರೆದೆ, ಕರೆಯಲಿಲ್ಲ. ಮದುವೆ ಮಂಟಪದ ಹೆಸರನ್ನ ಕಾಗದದಲ್ಲಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿಬಿಟ್ಟೆ, ಮಂಟಪದವನಿಗೆ ಮಾತ್ರ ಹೇಳಲಿಲ್ಲ. ಡಾಕ್ಟರನ್ನ ಕರೆದ ಹಾಗೆ ಕೋಣೆಯನ್ನೂ ಕರೆಯಬೇಕು. ಅದಕ್ಕೂ ಒಂದು ಮೇಲ್ ವಿಳಾಸ ಇದೆ. ಅದು ಒಪ್ಪಿದರೆ ಮಾತ್ರ ಕೋಣೆ ನಿನ್ನದು."

ನನ್ನ ಮುಖ ಬಿಸಿಯಾಯಿತು. ಕರೆಯಬೇಕಾದವರ ಸಾಲಿನಲ್ಲಿ ಕೋಣೆಯನ್ನು ಸೇರಿಸಿ ಕಳಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ಆ ಹೊತ್ತಿಗೆ ಕೋಣೆ ಖಾಲಿಯಿಲ್ಲ.

ನನಗೆ ಅಳುವೇ ಬಂತು. ಅಕ್ಕ ಮಾತ್ರ ಮೇಜಿನ ಫೋನೆತ್ತಿ ಕೆಳಗಿನ ಸೆಕ್ಯೂರಿಟಿ ಅಣ್ಣನನ್ನು ಹಿಡಿದರು.

"ಅಣ್ಣಾ, ಮಂಗಳವಾರ ಹತ್ತಕ್ಕೆ ಸೌಂಡ್‌ಪ್ರೂಫ್ ಕೋಣೆ ಕೀಲಿ ಯಾರು ತಗೊಂಡು ಹೋಗ್ತಾರೆ?"

"ಯಾರೂ ಇಲ್ಲ. ಪಟ್ಟಿಯಲ್ಲಿ 'ಮುಖ್ಯ ವೈದ್ಯರು' ಅಂತಷ್ಟೇ ಇರುತ್ತೆ, ಕೀಲಿ ಮೊಳೆಯಲ್ಲೇ ನೇತಾಡ್ತಿರುತ್ತೆ."

"ಎಷ್ಟು ದಿನದಿಂದ?"

"ದಿನಾನಾ? ಎರಡು ವರ್ಷ ಆಗಿರಬೇಕು. ಯಾಕೆ, ಕೋಣೆಯಲ್ಲಿ ಕೋಣ ಏನಾದ್ರೂ ಕಟ್ಟಿದ್ದೀರಾ?"

"ಕಟ್ಟಿರೋದು ಯಾರು ಅಂತಲೇ ನೋಡ್ತಿದೀನಿ" ಎಂದು ಫೋನಿಟ್ಟರು.

ಕೋಣೆ ಖಾಲಿಯೋ ಅಲ್ಲವೋ ಎಂಬುದಷ್ಟೇ ನಮಗೆಲ್ಲ ಕಾಣುತ್ತಿತ್ತು; ಅದರ ಕ್ಯಾಲೆಂಡರನ್ನು ತೆರೆದು ತಿದ್ದುವ ಹಕ್ಕು ಆಸ್ಪತ್ರೆಯಲ್ಲಿ ಇಬ್ಬರಿಗೆ ಮಾತ್ರ ಇತ್ತು. ಅವರಲ್ಲಿ ಅಕ್ಕನೂ ಒಬ್ಬರು. ತೆರೆದರು. ಪ್ರತಿ ಮಂಗಳವಾರ, ಹತ್ತರಿಂದ ಹನ್ನೊಂದು. ಕರೆದವರು ನಿವೃತ್ತ ಮುಖ್ಯ ವೈದ್ಯರು. ಕೊನೆಯ ದಿನಾಂಕ: ಇಲ್ಲ. ಸಾಹೇಬರು ಹಾರ ಹಾಕಿಸಿಕೊಂಡು ಮನೆಗೆ ಹೋಗಿ ಎರಡು ವರ್ಷವಾಗಿದ್ದರೂ ಅವರ ಮೀಟಿಂಗ್ ಮಾತ್ರ ವಾರ ತಪ್ಪದೆ ನಡೆಯುತ್ತಿತ್ತು. ಒಳಗೆ ಯಾರೋ ಇದ್ದಾರೆಂದು ಪ್ರತಿ ವಿಭಾಗವೂ ನಂಬಿತ್ತು.

"ಅಳಿಸಿಬಿಡಿ ಅಕ್ಕ!"

"ಕೇಳದೆ ಅಳಿಸಲ್ಲ. ಆ ಹೊತ್ತನ್ನ ಅವರು ಯಾರಿಗಾದ್ರೂ ಕೊಟ್ಟು ಹೋಗಿದ್ರೆ? ಅಲ್ಲೂ ಒಂದು ಮಗು ಇದ್ರೆ?"

ಸಾಹೇಬರ ಮನೆಗೆ ಫೋನ್ ಮಾಡಿದರು. ಗಂಟೆ ಹೊಡೆದು ಹೊಡೆದು ನಿಂತಿತು. ಆಗ ನಾಲ್ಕೂವರೆ. ಮತ್ತೆ ಮಾಡಿದರು, ಎತ್ತಲಿಲ್ಲ. ಅಕ್ಕ ತಮ್ಮ ಲೋಟದ ನೀರನ್ನು ನನ್ನ ಕಡೆ ತಳ್ಳಿದರು. ಸುಮ್ಮನೆ ಕೂರಬಾರದೆಂದೋ ಏನೋ, ತಮ್ಮ ಕಥೆ ಹೇಳಿದರು. ಹತ್ತನೇ ತರಗತಿ ಮುಗಿಸಿ ಇದೇ ಕಟ್ಟಡದ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದ್ದರಂತೆ. ಇಪ್ಪತ್ತೆರಡು ವರ್ಷ ಒಂದು ತಂತಿಗೆ ಇನ್ನೊಂದನ್ನು ಸೇರಿಸಿದರು. ಆಮೇಲೆ ಎಕ್ಸ್‌ಚೇಂಜನ್ನೇ ಕಿತ್ತು ಹಾಕಿದರು. ಕಂಪ್ಯೂಟರ್ ಬಂದಾಗ ಗೊತ್ತಿಲ್ಲದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಸಿಕ್ಕವರನ್ನೆಲ್ಲ ಕೇಳಿದರು.

"ನಾಚಿಕೆ ಆಗಲಿಲ್ವಾ?" ಎಂದು ಕೇಳಿಬಿಟ್ಟೆ.

"ಆಗ್ತಿತ್ತು. ನಾಚಿಕೊಂಡೇ ಕೇಳ್ತಿದ್ದೆ."

ಐದಕ್ಕೆ ಎಂಟು ನಿಮಿಷವಿದ್ದಾಗ ಫೋನ್ ಗಂಟೆ ಹೊಡೆಯಿತು. ಅಕ್ಕ ವಿಷಯ ಹೇಳಿದರು. ಆ ಕಡೆಯ ದನಿ ನನಗೂ ಕೇಳಿಸುವಷ್ಟು ದೊಡ್ಡದಿತ್ತು: "ನಾನಿಲ್ಲಿ ಗಿಡಕ್ಕೆ ನೀರು ಹಾಕ್ತಿದೀನಮ್ಮ, ಅಲ್ಲಿ ಇನ್ನೂ ಮೀಟಿಂಗ್ ಮಾಡ್ತಿದೀನಾ?"

"ಒಂದು ವಾರವೂ ತಪ್ಪಿಸಿಲ್ಲ ಸಾರ್. ಯಾರಿಗಾದ್ರೂ ಬಿಟ್ಟುಕೊಟ್ಟಿದ್ರಾ?"

"ಯಾರಿಗೂ ಇಲ್ಲ. ಕಿತ್ತು ಹಾಕು ತಾಯಿ. ಮಗುವಿನ ಕೆಲಸ ಮೊದಲು."

ಸಾಹೇಬರ ಮಂಗಳವಾರಗಳನ್ನು ಅಕ್ಕ ಒಟ್ಟಿಗೇ ತೆಗೆದರು. ಆಮೇಲೆ ಕುರ್ಚಿ ಮತ್ತೆ ನನಗೆ. ನಾನೇ ಕೋಣೆಯನ್ನು ಕರೆದೆ. ಅದು ಒಪ್ಪಿತು. ಜೆರಾಕ್ಸ್ ಯಂತ್ರ ಗುರುಗುಟ್ಟಿ ಪಟ್ಟಿಯನ್ನು ಹೊರಹಾಕಿದಾಗ ಹತ್ತು ಗಂಟೆಯ ಎದುರಿಗೆ ನನ್ನ ಹೆಸರಿತ್ತು.

ಮರುದಿನ ಒಂಬತ್ತೂವರೆಗೇ ತಾತ ಮೊಮ್ಮಗಳನ್ನು ಕರೆತಂದರು. ಸದ್ದು ಕೇಳಿಸಿದಾಗಲೆಲ್ಲ ಬುಟ್ಟಿಗೆ ಒಂದು ಮರದ ತುಂಡು ಹಾಕಬೇಕು, ಅದೇ ಪರೀಕ್ಷೆ. ಗಾಜಿನಾಚೆ ಹುಡುಗಿ ಬಹಳ ಹೊತ್ತು ತುಂಡು ಹಿಡಿದೇ ಕೂತಿದ್ದಳು. ಆಮೇಲೆ ಒಂದನ್ನು ಹಾಕಿದಳು. ಎಷ್ಟು ಕೇಳಿಸುತ್ತದೆ, ಎಷ್ಟು ಕೇಳಿಸುವುದಿಲ್ಲ ಎಂಬುದು ಆ ಗಂಟೆಯಲ್ಲಿ ಗೊತ್ತಾಯಿತು. ಶಾಲೆ ಶುರುವಾಗುವ ಮೊದಲೇ ಎರಡೂ ಕಿವಿಗೆ ಯಂತ್ರ ಬಂತು.

ನನ್ನ ತಪ್ಪನ್ನು ಅಕ್ಕ ಯಾರಿಗೂ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿಲ್ಲದೆ ಒಂದೇ ಸಾಲು ಬರೆದಿದ್ದರು: "ಕೋಣೆಯನ್ನು ಕರೆಯುವುದನ್ನು ನಾವು ಹೊಸಬರಿಗೆ ಹೇಳಿಕೊಟ್ಟಿಲ್ಲ." ಅದನ್ನು ಓದಿದ ದಿನದಿಂದ ಗೊತ್ತಿಲ್ಲದ್ದನ್ನು ನಾನೂ ನಾಚಿಕೊಂಡೇ ಕೇಳುತ್ತಿದ್ದೇನೆ.

ಅಕ್ಕ ಈಗಲೂ ಅದೇ ಮೇಜಿನಲ್ಲಿ ಆಸ್ಪತ್ರೆಯ ಒಂಬತ್ತು ಕೋಣೆಗಳ ಕ್ಯಾಲೆಂಡರ್ ನೋಡಿಕೊಳ್ಳುತ್ತಾರೆ. ಯಾರಾದರೂ ನಿವೃತ್ತರಾದರೆ ಹಾರ ಹಾಕುವ ದಿನವೇ ಅವರ ಪಕ್ಕ ಕೂತು, ಅವರ ಬುಕಿಂಗ್‌ಗಳನ್ನು ಕೇಳಿ ಕೇಳಿ ತೆಗೆಯುತ್ತಾರೆ. ಹೊಸಬರು ಸೇರಿದ ಮೊದಲ ದಿನ ಅವರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ಕೋಣೆಯನ್ನು ಕರೆಯುವುದನ್ನು ಹೇಳಿಕೊಡುತ್ತಾರೆ.