ಉಪ್ಪಿಲ್ಲದ ಕುಬಸ

ಬೆಳಿಗ್ಗೆ ಚಹಾ ಕುಡಿಯುತ್ತ ಕುಳಿತಿದ್ದಾಗ ಮೊಬೈಲಿಗೆ ಒಂದು ಫೋಟೊ ಬಂತು. ತೆರೆದು ನೋಡಿದರೆ ಎರಡು ಪಾದಗಳು. ಮುಖವಿಲ್ಲ, ಮಾತಿಲ್ಲ, ಬರೀ ಪಾದ. ಯಾರದೋ ಪಾದಪೂಜೆಯ ಆಮಂತ್ರಣ ಇರಬೇಕೆಂದು ಕೈ ಮುಗಿಯುವುದರಲ್ಲಿದ್ದೆ. ಕನ್ನಡಕ ಹಾಕಿಕೊಂಡ ಮೇಲೆ ಅವು ನನ್ನ ಮರಿಮೊಮ್ಮಗಳು ಶ್ವೇತಾಳ ಪಾದಗಳೆಂದು ಗೊತ್ತಾಯಿತು. ಅವಳು ಕಲಬುರಗಿಯ ಐವಾನ್-ಎ-ಶಾಹಿ ಕಡೆ ಮನೆ ಮಾಡಿಕೊಂಡಿದ್ದಾಳೆ. ಚೊಚ್ಚಲ ಬಸುರಿ, ಏಳನೇ ತಿಂಗಳು ನಡೆದಿದೆ. ಹಿಂದೆಯೇ ಅವಳ ಫೋನು.

"ಆಯಿ, ಕಾಲು ಬಾತಾವೇನ್ ನೋಡು. ಬಿ.ಪಿ. ಮಷೀನ್ ತರಿಸೀನಿ. ಮುಂಜಾನಿಂದ ನೋಡಾಕತ್ತೀನಿ, ಒಮ್ಮೊಮ್ಮೆ ಒಂದೊಂದು ತೋರಸ್ತದ."

"ಮಷೀನಿಗೇ ಬಿ.ಪಿ. ಬಂದಿರಬೇಕು. ಅದಕ್ಕೂ ಒಂದೀಟು ಮಲಗಾಕ ಬಿಡು," ಎಂದೆ. ನನ್ನ ಜಾಣತನಕ್ಕೆ ನಾನೊಬ್ಬಳೇ ನಕ್ಕೆ. "ನಿಮ್ಮ ಕಾಲದಾಗ ಇವೆಲ್ಲ ಎಲ್ಲಿದ್ವು, ನಿನಗೇನು ತಿಳೀತದ," ಎಂದು ಅವಳು ಫೋನಿಟ್ಟುಬಿಟ್ಟಳು.

ಇದ್ದವು. ಅವಳಿಗೆ ಹೇಳಲಾಗದ್ದನ್ನು ನಿಮಗಾದರೂ ಹೇಳುತ್ತೇನೆ. ನಮ್ಮ ಕಾಲದಲ್ಲಿ ಕಾಲೂ ಬಾಯುತ್ತಿದ್ದವು, ಮಷೀನೂ ಇತ್ತು, ಹೆದರಿಕೆಯಂತೂ ಧಾರಾಳವಾಗಿತ್ತು. ಬೇನೆಯ ಹೆಸರೊಂದು ನಮಗೆ ಗೊತ್ತಿರಲಿಲ್ಲ.

ಆಗ ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಮುಗಿದು ಒಂದೆರಡು ವರ್ಷವಾಗಿತ್ತು. ನಮ್ಮವರು ಕಲಬುರಗಿಯ ಕಚೇರಿಯಲ್ಲಿ ಕಾರಕೂನರು. ಸರಕಾರ ಬದಲಾಗಿದ್ದರೂ ಕಚೇರಿಯ ಕಾಗದಗಳೆಲ್ಲ ಇನ್ನೂ ಉರ್ದುವಿನಲ್ಲೇ ಇದ್ದವು. ದಿನವಿಡೀ ಉರ್ದು ಬರೆದು ಬಂದು ರಾತ್ರಿ ನನ್ನ ಹತ್ತಿರ ಕನ್ನಡದಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ಅವರಿಗೆ ಆಕಳಿಕೆ ಬರುತ್ತಿತ್ತು. ಮನೆಯ ಯಜಮಾನಿಕೆ ಎಲ್ಲ ಅತ್ತೆಯದು. ರಜಾಕಾರರ ಗದ್ದಲದಲ್ಲಿ ಅವರ ಸಂಸಾರ ಸೊಲ್ಲಾಪುರಕ್ಕೆ ಓಡಿಹೋಗಿ, ಪರಿಚಯದವರ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಕಾಲ ಕಳೆದಿತ್ತು. ಮಕ್ಕಳ ಒಣಗಿದ ಮುಖ ನೋಡಿ ನೋಡಿ ಅತ್ತೆ ಅಲ್ಲಿ ದೇವರೆದುರು ಒಂದು ಮಾತು ಕೊಟ್ಟಿದ್ದರಂತೆ: ಊರಿಗೆ ತಿರುಗಿ ಹೋದರೆ ನನ್ನ ಮನೆಯಲ್ಲಿ ಯಾರೂ ಸೊರಗಬಾರದು. ಅಂದಿನಿಂದ ಅವರ ಕಣ್ಣಿಗೆ ದಪ್ಪಗಿದ್ದವರೆಲ್ಲ ಚೆಲುವರೇ.

ಹೀಗಾಗಿ ನಾನು ಬಸುರಾಗಿ, ಮುಖ ಕೈ ಕಾಲು ಉಬ್ಬತೊಡಗಿದಾಗ ಅತ್ತೆಯ ಹಿಗ್ಗು ಹೇಳತೀರದು. ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತು. ಬಳೆ ಮುಂಗೈಯಲ್ಲಿ ಅಲುಗದಾಯಿತು. "ನಮ್ಮ ಸೊಸಿ ಹ್ಯಾಂಗ ಮೈ ತುಂಬ್ಯಾಳ ನೋಡ್ರಿ," ಎಂದು ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದರು. ನನಗೂ ಒಳಗೊಳಗೇ ಹೆಮ್ಮೆ. ಕನ್ನಡಿ ನೋಡಿಕೊಂಡಾಗಲೆಲ್ಲ ಯಾವುದೋ ಶ್ರೀಮಂತರ ಮನೆಯ ಹೆಂಗಸು ಕಂಡಂತಾಗುತ್ತಿತ್ತು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಆ ಭಯಕ್ಕೆ ದಿನಕ್ಕೊಬ್ಬರು ಬಯಕೆಯ ತಾಟು ತರುತ್ತಿದ್ದರು. ನನ್ನ ಬಯಕೆಯೆಲ್ಲ ಉಪ್ಪು ಖಾರದ್ದೇ. ಶೇಂಗಾ ಹಿಂಡಿ, ಪುಂಡಿಪಲ್ಯ, ಹಪ್ಪಳ, ಹಳೇ ಉಪ್ಪಿನಕಾಯಿ. ಕೂಸಿನ ಕಿವಿಯ ಹೆಸರಿನಲ್ಲಿ ನಾನು ಒಂದು ಭರಣಿ ಉಪ್ಪಿನಕಾಯಿ ಮುಗಿಸಿದೆ.

ಅಷ್ಟರಲ್ಲಿ ನನ್ನ ತವರೂರು ಕಮಲಾಪುರದಿಂದ ಅವ್ವ ಬಂದಳು. ನಮ್ಮ ತೋಟದ ಕೆಂಪು ಬಾಳೆಗೊನೆ ಹೊತ್ತುಕೊಂಡು ಬಂದವಳು ಅದನ್ನು ಇಳಿಸುವ ಮೊದಲೇ ನನ್ನ ಮುಖ ನೋಡಿ ನಿಂತುಬಿಟ್ಟಳು. ಅತ್ತೆ ನಗುನಗುತ್ತ, "ಹ್ಯಾಂಗ ಇಟ್ಟೀವ್ರಿ ನಿಮ್ಮ ಮಗಳನ್ನ?" ಎಂದರು. ಅವ್ವ ನನ್ನನ್ನು ಕೂರಿಸಿ, ಸೀರೆ ಸರಿಸಿ, ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು.

"ನಮ್ಮ ತಂಗಿಗೂ ಹಿಂಗೇ ಆಗಿತ್ರಿ," ಎಂದಳು. "ಆಕೀನೂ ಮೈ ತುಂಬ್ಯಾಳಂತ ಎಲ್ಲಾರೂ ಹೊಗಳಿದ್ದೇ ಹೊಗಳಿದ್ದು. ಒಂದಿನ ತಲಿ ಸಿಡಿತದ ಅಂದ್ಲು. ಕೈಕಾಲು ಸೆಟಿಸಿ ಬಿದ್ಲು. ಗಾಳಿ ಸೋಕ್ಯದಂತ ಬೇವಿನ ಸೊಪ್ಪಿನಿಂದ ಹೊಡಸಿದಿವಿ ನಾವು. ತಾಯಿನೂ ಉಳೀಲಿಲ್ಲ, ಕೂಸೂ ಉಳೀಲಿಲ್ಲ."

ಆ ಚಿಕ್ಕವ್ವ ಬಾಣಂತನದಲ್ಲಿ ಹೋದಳೆಂದಷ್ಟೇ ನನಗೆ ಗೊತ್ತಿತ್ತು. ಅಂದು ಮೊದಲ ಸಲ ನನಗೆ ಸಾವಿನ ಭಯವಾಯಿತು. ಅತ್ತೆಯ ಮುಖದ ನಗೆಯೂ ಇಳಿಯಿತು. ಅವರು ಕೂಡಲೇ ಟಾಂಗಾ ಕರೆಸಿದರು.

ದವಾಖಾನೆಯ ಡಾಕ್ಟರಮ್ಮ ಹೈದರಾಬಾದಿನವರು. ತೆಳ್ಳಗೆ, ಗಂಟುಮುಖ, ಮಾತೆಲ್ಲ ಉರ್ದು. ನನ್ನ ತೋಳಿಗೆ ಪಟ್ಟಿ ಸುತ್ತಿ, ರಬ್ಬರಿನ ಉಂಡೆ ಹಿಚುಕಿ, ಪೆಟ್ಟಿಗೆಯಲ್ಲಿ ಏರುವ ಪಾದರಸ ನೋಡಿದರು. ಅತ್ತೆಗೆ ಅದು ತೋಳಿನ ದಪ್ಪ ಅಳೆಯುವ ಯಂತ್ರವಾಗಿ ಕಂಡಿತು. ಹೆದರಿಕೆಯಲ್ಲೂ ಅಭಿಮಾನ ಬಿಡದೆ, "ಮೊದಲ ಇಷ್ಟ್ ದಪ್ಪ ಇದ್ದಿದ್ದಿಲ್ರಿ, ನಮ್ಮ ಮನಿಗೆ ಬಂದ ಮ್ಯಾಲೇ ಆಗ್ಯಾಳ," ಎಂದರು. ಡಾಕ್ಟರಮ್ಮ ಅವರನ್ನು ನೋಡಿದ ನೋಟ ನನಗೆ ಇವತ್ತಿಗೂ ನೆನಪಿದೆ. "ನಮಕ್ ಬಿಲ್ಕುಲ್ ಬಂದ್," ಎಂದರು, ಉಪ್ಪು ಪೂರಾ ಬಿಡಬೇಕೆಂದು. ಉಳಿದದ್ದನ್ನು ಜೊತೆಗೆ ಬಂದಿದ್ದ ನಮ್ಮವರು ಕನ್ನಡ ಮಾಡಿ ಹೇಳಿದರು: ರಕ್ತದ ಒತ್ತಡ ಏರಿದೆ, ಮಲಗಿರಬೇಕು, ವಾರ ವಾರ ಬಂದು ತೋರಿಸಬೇಕು, ತಲೆ ಸಿಡಿದರೆ, ಕಣ್ಣಲ್ಲಿ ಕಿಡಿ ಹಾರಿದರೆ ಇದ್ದ ಕಾಲಲ್ಲಿ ಓಡಿ ಬರಬೇಕು. ನಮ್ಮವರು ನನ್ನ ಬಗ್ಗೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ನನ್ನ ಪಾಲಿಗೆ ಆ ತಾಯಿಯೇ ಉಪ್ಪು ಕಿತ್ತುಕೊಂಡಳು. ಅದರ ಮಧ್ಯೆ ಕುಬಸದ ದಿನ ಬಂತು. ನಿಮಗೆ ಗೊತ್ತಿರುವುದೇ, ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ, ಬಂದ ಮುತ್ತೈದೆಯರೆಲ್ಲ ಒಂದೊಂದು ತುತ್ತು ಬಾಯಿಗಿಡುತ್ತಾರೆ. ಬೇಡವೆನ್ನುವ ಹಾಗಿಲ್ಲ. ಊಟದ ಬುತ್ತಿ ತವರಿನದು. ಯಾರ ಕೈಯ ಯಾವ ತುತ್ತಿನಲ್ಲಿ ಎಷ್ಟು ಉಪ್ಪಿರುತ್ತದೋ ಎಂದು ಅವ್ವ ಯೋಚಿಸಿದಳು. ಯೋಚಿಸಿ, ಯಾರಿಗೂ ಹೇಳದೆ, ಇಡೀ ಬುತ್ತಿಯನ್ನೇ ಕಮಲಾಪುರದಲ್ಲಿ ಉಪ್ಪಿಲ್ಲದೆ ಮಾಡಿ ತಂದಳು.

ಪಂಕ್ತಿ ಕೂತಿತು. ಎಣ್ಣೆಗಾಯಿ ಸಪ್ಪೆ, ಪುಂಡಿಪಲ್ಯ ಸಪ್ಪೆ, ಚಿತ್ರಾನ್ನ ಸಪ್ಪೆ. ಕುಬಸದ ಊಟಕ್ಕೆ ಹೆಸರಿಟ್ಟರೆ ಬಸುರಿಯ ಮನಸ್ಸು ಮುದುಡುತ್ತದೆಂದು ಯಾರೂ ತುಟಿ ಬಿಚ್ಚಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಹೋಳಿಗಿ ಬಾಳ ಛಲೋ ಆಗ್ಯಾವ್ರಿ," ಎಂದರು. ಮತ್ತೊಬ್ಬರೂ ಹೋಳಿಗೆಯನ್ನೇ ಹೊಗಳಿದರು. ಹೋಳಿಗೆ, ಬಾಳೆಹಣ್ಣು ಬಿಟ್ಟು ಬೇರೇನೂ ಖರ್ಚಾಗಲಿಲ್ಲ. ಕಡೆಗೆ ಅತ್ತೆಯ ಅಕ್ಕ, ಹಲ್ಲಿಲ್ಲದ ಮುದುಕಿ, ತಡೆಯಲಾರದೆ ಕೇಳಿದರು: "ಬೀಗತೇರು ನಮ್ಮ ಮ್ಯಾಲೆ ಉಪ್ಪಿನ ಋಣ ಹೊರಿಸಬಾರದಂತ ಮಾಡ್ಯಾರೇನ್ರಿ?" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವ್ವ ನಗಲಿಲ್ಲ. "ಆಕಿ ಜೀವ ಉಳಿದ್ರ ಮುಂದ ಉಪ್ಪಿನ ಮೂಟಿನೇ ತಂದು ಹಾಕ್ತೀನ್ರಿ," ಎಂದಳು. ಆಮೇಲೆ ಯಾರೂ ನಗಲಿಲ್ಲ, ಎಲೆಯಲ್ಲಿದ್ದುದನ್ನೆಲ್ಲ ಉಂಡರು.

ಇತ್ತೀಚೆಗೆ ಶ್ವೇತಾಳ ಡಾಕ್ಟರು ಹೇಳಿದ್ದು ಕೇಳಿದೆ, ಈ ಬೇನೆಗೆ ಉಪ್ಪು ಪೂರಾ ಬಿಡಿಸಿ ಅಂಥ ಪ್ರಯೋಜನವೇನೂ ಇಲ್ಲವಂತೆ. ಆ ಪಂಕ್ತಿಯವರು ಯಾರೂ ಈಗ ಬದುಕಿಲ್ಲ, ನಾನು ಬಚಾವು.

ನಿಜವಾಗಿ ನನ್ನನ್ನು ಕಾಯ್ದದ್ದು ಬೇರೆ. ಕುಬಸವಾದ ಮೇಲೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕು. ಕಮಲಾಪುರಕ್ಕೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಎತ್ತಿನ ಗಾಡಿ. ಡಾಕ್ಟರಮ್ಮ ಕಡಾಖಂಡಿತ ಬೇಡವೆಂದರು. ಅತ್ತೆಗೆ ಧರ್ಮಸಂಕಟ. "ತವರಿಗೆ ಕಳಸಲಿಲ್ಲಂದ್ರ ಮಂದಿ ನನ್ನ ಮಾರಿ ಮ್ಯಾಲೆ ಉಗುಳ್ತಾರ," ಎಂದು ಕಣ್ಣೀರಿಟ್ಟರು. ಅವ್ವ ಎರಡು ದಿನ ಊರೆಲ್ಲ ತಿರುಗಿ, ದವಾಖಾನೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಳು. ಕಮಲಾಪುರದಿಂದ ಪಾತ್ರೆ, ಕೌದಿ, ಒರಳು ತರಿಸಿ ಒಲೆ ಹೂಡಿದಳು. "ನಾ ಎಲ್ಲಿ ಒಲಿ ಹಚ್ತೀನೋ ಅದೇ ನನ್ನ ಮಗಳ ತವರ. ಈಗ ಕಳಸ್ರಿ," ಎಂದಳು. ಅತ್ತೆ ಶಾಸ್ತ್ರೋಕ್ತವಾಗಿ ಉಡಿ ತುಂಬಿ, ಎರಡು ಓಣಿಗಳಾಚೆಯ ತವರಿಗೆ ಟಾಂಗಾದಲ್ಲಿ ಕಳಿಸಿಕೊಟ್ಟರು. ಮರುದಿನದಿಂದ ಅಲ್ಲಿಗೆ ಪರವೂರ ಬೀಗರ ಹಾಗೆ ಹೊಸ ಸೀರೆಯುಟ್ಟು ಬಂದು, ಕಾಲಿಗೆ ನೀರು ಕೊಡುವ ತನಕ ಹೊಸ್ತಿಲಲ್ಲೇ ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ತಲೆ ಭಾರವಾಗಿ ಗೋಡೆಗೊರಗಿದ್ದೆ. "ಅವ್ವಾ, ಒಲಿ ನೋಡು, ಕಿಡಿ ಹಾರಾಕತ್ತಾವ," ಎಂದೆ. ಅವ್ವ ಒಲೆ ನೋಡಿದಳು. ಒಲೆ ಬೆಳಗಿನಿಂದ ಆರಿತ್ತು. ಅವಳು ನನ್ನನ್ನು ತಬ್ಬಿ ಎಬ್ಬಿಸಿ, ಬರಿಗಾಲಲ್ಲೇ ದವಾಖಾನೆಗೆ ನಡೆಸಿಕೊಂಡು ಹೋದಳು. ಆಮೇಲಿನದು ನನಗೆ ಅಷ್ಟಷ್ಟೇ ನೆನಪು: ಸೂಜಿ, ಕತ್ತಲು ಮಾಡಿದ ಕೋಣೆ, ಗಂಟುಮುಖದ ಡಾಕ್ಟರಮ್ಮ ನನ್ನ ಹಣೆಯ ಮೇಲಿಟ್ಟ ಕೈ. ಮರುದಿನ ಹೆಣ್ಣು ಕೂಸು ಹುಟ್ಟಿತು. ಅಂಗೈಯಷ್ಟಿದ್ದರೂ ದನಿ ಮಾತ್ರ ಓಣಿಗೆಲ್ಲ ಕೇಳಿಸುವಂತಿತ್ತು. "ಕಮಲಾಪುರದಿಂದ ಬರೋದಾಗಿದ್ರೆ ಇವಳು ಸಿಗುತ್ತಿರಲಿಲ್ಲ," ಎಂದು ಡಾಕ್ಟರಮ್ಮ ಹೇಳಿದ್ದನ್ನು ನಮ್ಮವರು ಕನ್ನಡ ಮಾಡಲು ಹೋಗಿ, ಅರ್ಧಕ್ಕೇ ಬಿಟ್ಟು ಅತ್ತುಬಿಟ್ಟರು.

ಆ ಕೂಸು ಈಗ ಶ್ವೇತಾಳ ಅಜ್ಜಿ. ಕಲಬುರಗಿಯ ಹೊರಗಿನ ಶರಣಸಿರಸಗಿಯ ಈ ಮನೆಯಲ್ಲಿ ಸದ್ಯ ಹಾಲಿನವನೊಂದಿಗೆ ಜಗಳಾಡುತ್ತಿದ್ದಾಳೆ, ಅದೇ ದನಿಯಲ್ಲಿ. ಅದನ್ನು ಕೇಳುತ್ತ ಕೂತವಳಿಗೆ ಬೆಳಿಗ್ಗೆ ಆಡಿದ ನನ್ನ ಹಾಸ್ಯ ರುಚಿಸದಾಯಿತು. ಅವ್ವ ಹೆದರಿದ್ದಕ್ಕಲ್ಲವೇ ಈ ಮನೆ ತುಂಬ ಇಷ್ಟು ಜನ? ಶ್ವೇತಾಳಿಗೆ ಫೋನು ಹಚ್ಚಿದೆ.

"ತಲಿ ನೋಯ್ತದೇನವ್ವಾ? ಕಣ್ಣಾಗ ಕಿಡಿ ಹಾರ್ತಾವೇನು?"

"ಇಲ್ಲ ಆಯಿ. ಬರೀ ಹೆದರಿಕಿ ಆಗ್ತದ. ಎಲ್ಲಾರೂ ಹೆದರಬ್ಯಾಡ ಅಂತಾರ."

"ನಾ ಅನ್ನಂಗಿಲ್ಲ. ಡಾಕ್ಟರಿಗೆ ಈಗೇ ಫೋನ್ ಮಾಡು, ಇವತ್ತೇ ಹೋಗಿ ತೋರಸೋಣು. ನಾ ಹಾಸಿಗಿ ಕಟಗೊಂಡು ಬರಾಕತ್ತೀನಿ, ಹಡಿಯೋತನಾ ಅಲ್ಲೇ ಇರ್ತೀನಿ. ಹೆದರೋದಿದ್ರ ಇಬ್ರೂ ಕೂಡಿ ಹೆದರೋಣು."

ಬೆಳಿಗ್ಗೆ ನನಗೇನೂ ತಿಳಿಯದೆಂದಿದ್ದ ಹುಡುಗಿ, ಮೂಗು ಒರೆಸಿಕೊಳ್ಳುತ್ತ ಹೇಳಿದಳು: "ಲಗೂನ ಬಾ, ಆಯಿ."